ಮಾರ್ಸೇಲ್ಸಿನ ಡಬ್ಬಿ ಮನೆಯಲ್ಲಿ ದೊಡ್ಡಪ್ಪ

ಮೊನ್ನೆ ಬೆಳಗ್ಗೆ ಪಕ್ಕದ ಮನೆಯವರು ಹಿತ್ತಲಲ್ಲಿ ಕೆಂಡ ಮಾಡಿ ಹಸಿ ಕಡಲೆಕಾಯಿ ಸುಡುತ್ತಿದ್ದರು. ಆ ವಾಸನೆ ಗೋಡೆ ದಾಟಿ ನಾನು ಕೂತಿದ್ದ ಜಗುಲಿಯವರೆಗೂ ಬಂತು. ಮಧುಗಿರಿಯಲ್ಲಿ ಹುಟ್ಟಿ ಬೆಳೆದವನಿಗೆ ಈ ವಾಸನೆಯಿಂದ ಹೊಲ ನೆನಪಾಗಬೇಕು, ಕಣ ನೆನಪಾಗಬೇಕು, ಹೆಚ್ಚೆಂದರೆ ಅಜೀರ್ಣ ನೆನಪಾಗಬೇಕು. ನನಗೆ ಮಾತ್ರ ಫ್ರೆಂಚರ ದೇಶದ ಒಂದು ಬಂದರು ನೆನಪಾಗುತ್ತದೆ. ಆ ಬಂದರಿನ ಏರುಗಲ್ಲಿಯ ಒಂದು ಮನೆ, ಆ ಮನೆಯೊಳಗಿನ ಒಂದು ಗಾಜಿನ ಪೆಟ್ಟಿಗೆ ನೆನಪಾಗುತ್ತದೆ. ಇದನ್ನು ಹೆಂಡತಿಯ ಹತ್ತಿರ ಹೇಳಿದರೆ “ನಿಮಗೆ ಪಿತ್ತ ಏರಿದೆ, ಜೀರಿಗೆ ಕಷಾಯ ಕುಡೀರಿ” ಅನ್ನುತ್ತಾಳೆ. ಆದ್ದರಿಂದ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಒಂದು ಮಾತು ಮೊದಲೇ ತಿಳಿಸಿಬಿಡುತ್ತೇನೆ, ಆಮೇಲೆ ನನ್ನನ್ನು ದೂರಬೇಡಿ. ಅಲ್ಲಿ ನಡೆದದ್ದು ನನಗೆ ಅಂದೂ ಸರಿಯಾಗಿ ಅರ್ಥವಾಗಲಿಲ್ಲ, ಇಂದೂ ಆಗಿಲ್ಲ. ಓದಿದ ಮೇಲೆ ನಿಮಗಾದರೂ ಆದರೆ ಸಂತೋಷ.

ನಮ್ಮ ದೊಡ್ಡಪ್ಪನದು ಮಧುಗಿರಿ ಪೇಟೆಯಲ್ಲಿ ಕಡಲೆಕಾಯಿ ಮಂಡಿ. ಪಾವಗಡದ ಕಡೆಯಿಂದ, ಸಿರಾದ ಕಡೆಯಿಂದ, ಕೊಳಾಲ ಪುರವರಗಳಿಂದ ಗಾಡಿಗಳು ಬಂದು ಅವರ ಅಂಗಡಿಯ ಮುಂದೆ ನೊಗ ಇಳಿಸುತ್ತಿದ್ದವು. ಕಾಯಿ ಸುಲಿಸಿ, ಬೀಜ ಮಾಡಿಸಿ, ಚೀಲ ಹೊಲಿಸಿ ಹಿಂದೂಪುರದ ರೈಲಿಗೆ ಹಾಕಿದರೆ ಅದು ಮದರಾಸಿಗೆ ಹೋಗಿ ಹಡಗು ಹತ್ತುತ್ತಿತ್ತು. ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ಪೇಟೆಯಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ದೊಡ್ಡಪ್ಪ ಕೆಡಿಸಿಕೊಂಡರು. ಮದರಾಸಿನ ಏಜೆಂಟರು ಊರಿಗೆ ಬಂದಿದ್ದಾಗ ಹಿಡಿದು ಕೂರಿಸಿ ಕೇಳಿದರು. “ಮಾರ್ಸೇಲ್ಸ್ ಅಂತ ಊರಿಗೆ ಹೋಗುತ್ತದೆ, ಎಣ್ಣೆ ತೆಗೆದು ಸೋಪು ಮಾಡುತ್ತಾರೆ” ಎಂದರು ಏಜೆಂಟರು. ಅವತ್ತಿನಿಂದ ದೊಡ್ಡಪ್ಪನ ನೆಮ್ಮದಿ ಹೋಯಿತು.

“ಉಣ್ಣೋ ಪದಾರ್ಥ ಕಣ್ಲಾ ಇದು,” ಎಂದು ಅಂಗೈಯಲ್ಲಿ ನಾಲ್ಕು ಬೀಜ ಇಟ್ಟುಕೊಂಡು ನನಗೆ ತೋರಿಸಿದರು. “ಮಳೆ ಮಕ ನೋಡ್ಕಂಡು ಬೆಳ್ದಿರಾದು. ಇದ್ನ ಅಷ್ಟು ದೂರ ತಗಂಡೋಗಿ ಮೈಗೆ ತಿಕ್ಕೊಳ್ತಾರಂತೆ. ಇಂಗೂ ಉಂಟಾ? ನಾನು ಕಣ್ಣಾರೆ ನೋಡ್ಬೇಕು.”

ನೋಡಬೇಕು ಎಂದರೆ ನೋಡಿಯೇ ತೀರುವ ಮನುಷ್ಯ ಅವರು. ಮಕ್ಕಳಿರಲಿಲ್ಲ, ದೊಡ್ಡಮ್ಮ ತೀರಿಕೊಂಡಿದ್ದರು, ತಡೆಯುವವರು ಯಾರೂ ಇರಲಿಲ್ಲ. ಹಡಗಿನ ಟಿಕೀಟಿನಿಂದ ಹಿಡಿದು ಅಲ್ಲಿ ಇಳಿದುಕೊಳ್ಳುವ ಕೋಣೆಯವರೆಗೆ ಎಲ್ಲವನ್ನೂ ಏಜೆಂಟರು ಗೊತ್ತು ಮಾಡಿಕೊಟ್ಟರು. ಜೊತೆಗೆ ಇಂಗ್ಲಿಷು ಬಲ್ಲವನೊಬ್ಬ ಬೇಕು ಎಂದಾಗ ಮನೆಯವರೆಲ್ಲ ನನ್ನ ಕಡೆ ತಿರುಗಿದರು. ನಾನು ಆಗಷ್ಟೇ ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಬಂದು, ಕೆಲಸ ಸಿಗುವವರೆಗೆ ಎಂದು ಜಗುಲಿಯ ಮೇಲೆ ಕೂತು ಊರಿನವರ ಅರ್ಜಿಗಳನ್ನು ತಿದ್ದುತ್ತಿದ್ದೆ. ಇಡೀ ಪೇಟೆಯಲ್ಲಿ ನನ್ನಷ್ಟು ಇಂಗ್ಲಿಷು ಬಲ್ಲವರಿಲ್ಲ ಎಂಬ ಹೆಮ್ಮೆ ಬೇರೆ. ಮಾರ್ಸೇಲ್ಸಿನಲ್ಲಿ ಇಳಿದ ಮೇಲೆ ತಿಳಿಯಿತು, ಆ ಭಾಷೆ ಅಲ್ಲಿ ಯಾರಿಗೂ ಬೇಕಾಗಿಲ್ಲ ಎಂದು. ನಾನು “ಎಕ್ಸ್‌ಕ್ಯೂಸ್ ಮಿ” ಅಂದರೆ ದಾರಿಹೋಕರು ಜೇಬು ಭದ್ರ ಮಾಡಿಕೊಂಡು ಮುಂದೆ ಹೋಗುತ್ತಿದ್ದರು.

ನಮ್ಮನ್ನು ಅಲ್ಲಿ ಉಳಿಸಿದ್ದು ತೆಲುಗು. ಬಂದರಿನಲ್ಲಿ ಚೀಲ ಇಳಿಸುವ ಕಡೆ ಸುಬ್ಬರಾಯುಡು ಎಂಬವರಿದ್ದರು. ಗೋದಾವರಿ ಸಮುದ್ರ ಸೇರುವಲ್ಲಿರುವ ಯಾನಾಂ ಅವರ ಊರು. ಆ ಊರು ಫ್ರೆಂಚರ ಕೈಯಲ್ಲಿದ್ದುದರಿಂದ ಅವರಿಗೆ ಫ್ರೆಂಚು ನೀರು ಕುಡಿದಷ್ಟು ಸಲೀಸು. ಪಾವಗಡದ ರೈತರ ಜೊತೆ ವ್ಯಾಪಾರ ಮಾಡಿ ಮಾಡಿ ದೊಡ್ಡಪ್ಪನಿಗೆ ತೆಲುಗು ಅಷ್ಟೇ ಸಲೀಸು. “ಏಮಯ್ಯಾ, ಏ ಊರು ಮೀದಿ?” ಎಂದು ಇವರು ಊರು ಯಾವುದೆಂದು ಕೇಳಿದ್ದೇ ತಡ, ಆತ ಕಣ್ಣು ಒರೆಸಿಕೊಂಡು ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡರು. ಆತನ ತೆಲುಗು ಇವರಿಗೆ ರಾಗವಾಗಿಯೂ ಇವರ ತೆಲುಗು ಆತನಿಗೆ ಒರಟಾಗಿಯೂ ಕೇಳಿಸುತ್ತಿತ್ತು, ಆದರೂ ಮಾತು ನಿಲ್ಲಲಿಲ್ಲ. ಇಂಗ್ಲಿಷು ಬಲ್ಲ ನಾನು ದೊಡ್ಡಪ್ಪನ ಕೊಡೆ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ.

ಸೋಪಿನ ಕಾರ್ಖಾನೆಯನ್ನು ಒಂದೇ ಹೊತ್ತಿನಲ್ಲಿ ನೋಡಿ ಮುಗಿಸಿದೆವು. ದೊಡ್ಡಪ್ಪ ಕಡಾಯಿಗಳನ್ನು ನೋಡಿದರು, ಇಟ್ಟಿಗೆಯ ಹಾಗೆ ಕೊಯ್ದಿಟ್ಟ ಸೋಪನ್ನು ಮೂಸಿದರು, ಒಂದು ತುಂಡನ್ನು ಉಗುರಿನಲ್ಲಿ ಗೀರಿದರು. ಏನಾದರೂ ದೊಡ್ಡ ಮಾತು ಹೇಳುತ್ತಾರೆ ಎಂದು ನಾನೂ ಸುಬ್ಬರಾಯುಡೂ ಕಾದೆವು. “ಓಗ್ಲಿ ಬುಡು, ಕೊಳೆ ತೆಗೀತದಲ್ಲ,” ಎಂದರು. ಅಷ್ಟಕ್ಕೆ ಏಳು ಸಮುದ್ರ ದಾಟಿ ಬಂದಿದ್ದ ನಮ್ಮ ಕೆಲಸ ಮುಗಿಯಿತು. ವಾಪಸು ಹೋಗುವ ಹಡಗಿಗೆ ಇನ್ನೂ ದಿನಗಳಿದ್ದವು.

ಇಲ್ಲಿ ದೊಡ್ಡಪ್ಪನ ಊಟದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ಪರದೇಶದ ಊಟ ಮುಟ್ಟುವವರಲ್ಲ. ಹುರಿಹಿಟ್ಟು, ಬೆಲ್ಲ, ಒಣಗಿಸಿದ ಖರ್ಜೂರ, ಒಂದು ಜಾಡಿ ನಿಂಬೆಕಾಯಿ ಉಪ್ಪಿನಕಾಯಿ, ಎಲ್ಲವೂ ಪೆಟ್ಟಿಗೆಯಲ್ಲಿ ನಮ್ಮ ಜೊತೆಗೇ ಬಂದಿದ್ದವು. ಅದನ್ನಾದರೂ ಎದ್ದ ಕೂಡಲೇ ತಿನ್ನುತ್ತಿರಲಿಲ್ಲ. ಮೊದಲು ಸ್ನಾನ. ಆಮೇಲೆ ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಬಿಚ್ಚಿ ಒಳಗಿನ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಮಜ್ಜನ, ವಿಭೂತಿ, ಒಂದು ಪತ್ರೆ. ಪತ್ರೆ ಬಾಡಿದ್ದರೂ ಸರಿ ಎಂದು ಬಿಸ್ಕತ್ತಿನ ಡಬ್ಬದ ತುಂಬ ಬಿಲ್ವದೆಲೆ ತಂದಿದ್ದರು. ಇಷ್ಟು ಆಗದೆ ಬಾಯಿಗೆ ಒಂದು ತುತ್ತೂ ಇಲ್ಲ. ನಮ್ಮವರಿಗೆ ಹುಟ್ಟಿದಾಗ ಕಟ್ಟಿದ ಲಿಂಗ ಸತ್ತಾಗ ಅಂಗೈಯಲ್ಲಿ ಕೂತು ಮಣ್ಣಿಗೆ ಜೊತೆಯಲ್ಲೇ ಹೋಗುತ್ತದೆ. ಅವರು ಬೇರೆಯಲ್ಲ, ಅದು ಬೇರೆಯಲ್ಲ. ನನ್ನ ಕೊರಳಲ್ಲೂ ಒಂದು ಇತ್ತು, ಇದೆ. ಆದರೆ ಬೆಂಗಳೂರಿನ ಹಾಸ್ಟೆಲಿನಲ್ಲಿ ತಿಂಡಿ ಬೇಗ ಖಾಲಿಯಾಗುತ್ತಿದ್ದುದರಿಂದ ನನ್ನ ಪೂಜೆಯೂ ಬೇಗ ಮುಗಿಯುವ ಅಭ್ಯಾಸವಾಗಿತ್ತು.

ಆ ಊರಿಗೆ ಒಂದು ಗಾಳಿ ಇದೆ. ನಮ್ಮ ಮಧುಗಿರಿ ಬೆಟ್ಟದ ಮೇಲಿನ ಗಾಳಿಯನ್ನೇ ದೊಡ್ಡದು ಎಂದುಕೊಂಡವನು ನಾನು. ಇದು ಬೀಸಲು ಶುರುವಾದರೆ ಮನುಷ್ಯ ಗೋಡೆ ಹಿಡಿದು ನಡೆಯಬೇಕು. ಸುಬ್ಬರಾಯುಡು ಕೆಲಸದ ಮೇಲಿದ್ದ ಒಂದು ಮಧ್ಯಾಹ್ನ ನಾವಿಬ್ಬರೇ ತಿರುಗಾಡುತ್ತಿದ್ದಾಗ ಆ ಗಾಳಿ ದೊಡ್ಡಪ್ಪನ ರುಮಾಲನ್ನು ಕಿತ್ತುಕೊಂಡು ಓಡಿತು. ಅದು ಬಿಚ್ಚಿಕೊಳ್ಳುತ್ತಾ ಏರುಗಲ್ಲಿಯಲ್ಲಿ ಮೇಲಕ್ಕೆ, ನಾನು ಅದರ ಹಿಂದೆ, ದೊಡ್ಡಪ್ಪ ಬೋಳುತಲೆಗೆ ಕೈಯಿಟ್ಟುಕೊಂಡು ನನ್ನ ಹಿಂದೆ. ಕೊನೆಗೆ ರುಮಾಲು ಅರ್ಧ ತೆರೆದಿದ್ದ ಒಂದು ಬಾಗಿಲೊಳಗೆ ನುಗ್ಗಿತು. ನಾವೂ ನುಗ್ಗಿದೆವು. ಒಳಗೆ ಕಪ್ಪು ಬಟ್ಟೆ ತೊಟ್ಟ ಒಬ್ಬ ಮುದುಕಿ ರುಮಾಲಿನ ಒಂದು ತುದಿ ಹಿಡಿದುಕೊಂಡು ನಿಂತಿದ್ದಳು.

ಆಕೆ ನಗುತ್ತಾ ರುಮಾಲು ಕೊಟ್ಟು, ಮೇಜಿನ ಖಾನೆಯಿಂದ ಎರಡು ಚೀಟಿ ಹರಿದು ಕೈಗಿಟ್ಟು, ಒಳಗಿನ ಕೋಣೆ ತೋರಿಸಿದಳು. ಬಾಗಿಲ ಮೇಲೆ ಒಂದು ಬೋರ್ಡೂ ಇತ್ತು. ನಾವು ಒಂದು ಮ್ಯೂಸಿಯಮ್ಮಿಗೆ ಬಂದಿದ್ದೇವೆ ಎಂದು ಊಹಿಸಿದೆ. ಮ್ಯೂಸಿಯಂ ಎಂದರೆ ಹುಲಿ, ಶಾಸನ, ಹಳೆಯ ಕತ್ತಿ ಎಂದುಕೊಂಡು ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಡಬ್ಬಿಗಳು. ನಶ್ಯದ ಡಬ್ಬಿ, ಸೂಜಿಯ ಡಬ್ಬಿ, ಗುಳಿಗೆಯ ಡಬ್ಬಿ, ಸುಣ್ಣದ ಕಾಯಿ, ಕುಂಕುಮದ ಭರಣಿ, ದಂತದ್ದು, ಕೊಂಬಿನದು, ಬಿದಿರಿನದು. ಒಂದು ಹುಲಿಯೂ ಇಲ್ಲ. ಗೋಡೆಯ ಮೇಲೆ ಗಡ್ಡ ಬಿಟ್ಟ ಒಬ್ಬ ಹಡಗಿನ ಕಪ್ತಾನನ ಪಟ. ಜಗತ್ತಿನ ಜನರೆಲ್ಲ ಬೇರೇನು ಮಾಡದಿದ್ದರೂ ಒಂದೊಂದು ಡಬ್ಬಿ ಮಾಡಿ ಅದರೊಳಗೆ ಏನನ್ನೋ ಬಚ್ಚಿಟ್ಟಿದ್ದಾರೆ. ದೊಡ್ಡಪ್ಪನಿಗೆ ಬಹಳ ಖುಷಿಯಾಯಿತು. “ಡಬ್ಬಿ ಮನೆ ಕಣ್ಲಾ ಇದು,” ಎಂದು ಒಂದೊಂದನ್ನೂ ಬಗ್ಗಿ ನೋಡುತ್ತಾ ಹೋದರು.

ಕಪ್ತಾನನ ಪಟದ ಕೆಳಗೆ ಒಂದು ಗಾಜಿನ ಪೆಟ್ಟಿಗೆ ಬೇರೆಯಾಗಿ ಇತ್ತು. ಅಲ್ಲಿ ದೊಡ್ಡಪ್ಪ ಬಗ್ಗಿದವರು ಮೇಲೇಳಲಿಲ್ಲ. ನಾನು ಹತ್ತಿರ ಹೋದೆ. ಒಳಗೆ ನೀಲಿ ಮಖಮಲ್ಲಿನ ಮೇಲೆ ಬೆಳ್ಳಿಯ ಒಂದು ಕರಡಿಗೆ, ಸವೆದ ಶಿವದಾರ ಸಮೇತ. ಕರಡಿಗೆ ಬಾಯಿ ತೆರೆದುಕೊಂಡಿತ್ತು. ಅದರ ಪಕ್ಕದಲ್ಲಿ, ಬೇರೆಯಾಗಿ, ನುಣ್ಣನೆಯ ಕಪ್ಪು ಲಿಂಗ.

ದೊಡ್ಡಪ್ಪ ಕಡೆಗೆ ನೆಟ್ಟಗೆ ನಿಂತರು. ಅಂಗಿಯ ಗುಂಡಿ ಬಿಚ್ಚಿ ತಮ್ಮ ಎದೆಯ ಮೇಲಿನ ಕರಡಿಗೆಯನ್ನು ಎತ್ತಿ ಮುದುಕಿಗೆ ತೋರಿಸಿ, ಗಾಜಿನ ಕಡೆ ಕೈ ಮಾಡಿದರು. ಯಾರದು ಎಂದು ಕೇಳುವುದು ಅವರ ಉದ್ದೇಶ. ಮುದುಕಿಯ ಮುಖ ಅರಳಿಹೋಯಿತು. ಆಕೆ ಎರಡೂ ಕೈ ಜೋಡಿಸಿ ಏನೇನೋ ಹೇಳಿದಳು, ಒಳಗಿನಿಂದ ಕುರ್ಚಿ ತಂದಳು, ಗಾಜಿನ ಮುಚ್ಚಳ ಎತ್ತಿ ಮಖಮಲ್ಲಿನ ಮೇಲಿನ ಕರಡಿಗೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಖಾಲಿ ಜಾಗ ಮಾಡಿ ತಟ್ಟಿ ತೋರಿಸಿದಳು. ದೊಡ್ಡಪ್ಪ ತಮ್ಮದನ್ನೂ ಮ್ಯೂಸಿಯಮ್ಮಿಗೆ ಕೊಡಲು ಬಂದಿದ್ದಾರೆ ಎಂದು ಆಕೆ ತಿಳಿದಿದ್ದಳು. ನಾನು ಇಂಗ್ಲಿಷಿನಲ್ಲಿ “ನೋ, ನೋ” ಅಂದೆ. ನನ್ನ ಇಡೀ ಇಂಟರ್‌ಮೀಡಿಯೆಟ್ ವಿದ್ಯೆಯಲ್ಲಿ ಅಲ್ಲಿ ಉಪಯೋಗಕ್ಕೆ ಬಂದದ್ದು ಆ ಒಂದು ಪದ. ದೊಡ್ಡಪ್ಪ ಅಂಗಿ ಬಿಗಿಯಾಗಿ ಹಿಡಿದುಕೊಂಡು ಹೊರಗೆ ನಡೆದರು.

ಕೋಣೆಗೆ ಬಂದ ಮೇಲೆ ನಾನು ಹುರಿಹಿಟ್ಟು ಕಲಸಿ ಮುಂದಿಟ್ಟೆ. ಅವರು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಯಾಕೆ ದೊಡ್ಡಪ್ಪ, ಬೆಲ್ಲ ಸಾಲದಾ?”

“ಆ ಲಿಂಗಕ್ಕೆ ನೀರಿಲ್ಲ ಕಣ್ಲಾ. ನಾನು ನೋಡ್ಬುಟ್ಟೆ. ನೋಡ್ದೇ ಇದ್ದಿದ್ರೆ ಬ್ಯಾರೆ ಮಾತು. ನೋಡಿದ್ ಮ್ಯಾಲೆ ಹೆಂಗುಣ್ಲಿ?”

“ಅದು ನಿಮ್ಮದಲ್ಲವಲ್ಲ.”

“ಯಾರ್ದು ಮತ್ತೆ? ಯೋಳು.”

ಲಿಂಗ ಅಲ್ಲಿದ್ದರೆ ಅದರ ಮನುಷ್ಯ ಎಲ್ಲಿ? ಕೈಯಲ್ಲಿ ಅದಿಲ್ಲದೆ ಮಣ್ಣು ಸೇರಿದನೋ, ಬದುಕಿರುವಾಗಲೇ ಕಳೆದುಕೊಂಡು ಹುಡುಕುತ್ತಾ ಅಲೆದನೋ, ಗಂಡಸೋ ಹೆಂಗಸೋ, ನಮ್ಮ ಸೀಮೆಯದೋ ಹುಬ್ಬಳ್ಳಿ ಧಾರವಾಡದ್ದೋ, ಒಂದೂ ತಿಳಿಯದು. ನಾನು ವಿಜ್ಞಾನ ಓದಿದವನು. ಕಲ್ಲು ಕಲ್ಲೇ ಎಂದು ಹಾಸ್ಟೆಲಿನಲ್ಲಿ ವಾದ ಮಾಡಿ ಗೆದ್ದಿದ್ದೆ. ಆದರೂ ಹುರಿಹಿಟ್ಟಿನ ಉಂಡೆ ನನ್ನ ಗಂಟಲಲ್ಲೂ ಇಳಿಯಲಿಲ್ಲ. ಹಸಿವಾಗಿತ್ತು, ತಿನ್ನಲೂ ನಾಚಿಕೆ, ಬಿಡಲೂ ನಾಚಿಕೆ. ಕಡೆಗೆ ಗೋಡೆ ಕಡೆ ತಿರುಗಿಕೊಂಡು ಎರಡು ಖರ್ಜೂರ ತಿಂದೆ.

ಮಾರನೆಯ ದಿನವೂ ದೊಡ್ಡಪ್ಪ ತಮ್ಮ ಪೂಜೆ ಮಾಡಿಕೊಂಡರು, ನೀರು ಕೂಡ ಕುಡಿಯಲಿಲ್ಲ. ವಯಸ್ಸಾದ ಜೀವ, ಪರದೇಶ, ಕೊರೆಯುವ ಚಳಿಗಾಳಿ. ಹಡಗು ಬರುವವರೆಗೆ ಹೀಗೇ ಕೂತರೆ ಇವರನ್ನು ಊರಿಗೆ ಹೇಗೆ ತಲುಪಿಸಲಿ ಎಂದು ನನಗೆ ನಿಜವಾಗಿ ಭಯವಾಯಿತು. ಬಂದರಿಗೆ ಓಡಿ ಸುಬ್ಬರಾಯುಡುವನ್ನು ಕರೆತಂದೆ. ಮೂವರೂ ಡಬ್ಬಿ ಮನೆಗೆ ಹೋದೆವು. ಮುದುಕಿ ಇವರನ್ನು ಕಂಡು ಮತ್ತೆ ಕುರ್ಚಿ ತಂದಳು.

ಮಾತು ಮೂರು ಮೆಟ್ಟಿಲು ಹತ್ತಿಳಿಯುತ್ತಿತ್ತು. ದೊಡ್ಡಪ್ಪ ತೆಲುಗಿನಲ್ಲಿ ಹೇಳಿದ್ದನ್ನು ಸುಬ್ಬರಾಯುಡು ಫ್ರೆಂಚಿಗೆ ಮಾಡಬೇಕು, ಆಕೆ ಹೇಳಿದ್ದು ತೆಲುಗಿಗೆ ಬರಬೇಕು, ನನ್ನ ಅರೆಬರೆ ತೆಲುಗಿಗೆ ನಿಲುಕದ್ದನ್ನು ದೊಡ್ಡಪ್ಪ ಕನ್ನಡದಲ್ಲಿ ಹೇಳಬೇಕು. ಪಟದಲ್ಲಿರುವ ಕಪ್ತಾನ ಆಕೆಯ ಗಂಡ ಎಂಬುದು ಮೊದಲು ತಿಳಿಯಿತು. ಆಮೇಲೆ ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದೆವು. ಹಿಂದೂ ದೇಶದ ಸುಗಂಧದ ಉಂಡೆ, ವಾಸನೆ ಹೋಗಿದೆ, ಎಂದು ಬರೆದಿತ್ತಂತೆ. ಪಾಪ, ಆಕೆ ಆಗಾಗ ಮೂಸಿ ನೋಡುತ್ತಿದ್ದಳಂತೆ, ಮಳೆಗಾಲದಲ್ಲಿ ಸ್ವಲ್ಪ ಬರುತ್ತದೆ ಎಂದೂ ಹೇಳಿದಳು.

ದೊಡ್ಡಪ್ಪನಿಗೆ ನಗು ಬರಲಿಲ್ಲ. “ಇದು ದೇವ್ರು ತಾಯಿ,” ಎಂದು ಆಕೆಗೆ ನೇರವಾಗಿ ಕನ್ನಡದಲ್ಲೇ ಹೇಳಿ, ಆಮೇಲೆ ನೆನಪಾಗಿ ಸುಬ್ಬರಾಯುಡುವಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಹುಟ್ಟಿದಾಗ ಬರುವುದು, ಜೊತೆಯಲ್ಲೇ ಹೋಗುವುದು, ದಿನಾ ನೀರು ಕಾಣಬೇಕಾದ್ದು, ಎಲ್ಲವನ್ನೂ. ಮುದುಕಿ ಕೈ ಮಡಿಲಲ್ಲಿಟ್ಟುಕೊಂಡು ಕೇಳಿದಳು. ನೀರಿನ ಮಾತು ಬಂದಾಗ ತಲೆಯೆತ್ತಿ ಏನೋ ಹೇಳಿದಳು. ಸುಬ್ಬರಾಯುಡು ತೆಲುಗಿಗೆ ಮಾಡಿದ ಮೇಲೆ ದೊಡ್ಡಪ್ಪನ ಬಾಯಿ ತೆರೆದುಕೊಂಡೇ ಇತ್ತು.

“ಏನಂತೆ ದೊಡ್ಡಪ್ಪ?”

“ದಿನಾ ಬೆಳಗ್ಗೆ ಎಲ್ಲಾ ಡಬ್ಬಿನೂ ಒದ್ದೆಬಟ್ಟೇಲಿ ಒರೆಸ್ತಾಳಂತೆ. ಇದನ್ನೂ ಒರೆಸ್ತಾಳಂತೆ.” ಆಮೇಲೆ ಸುಬ್ಬರಾಯುಡುವಿನ ಕಡೆ ತಿರುಗಿದರು. “ಉಣ್ಣಾಕ್ ಮುಂಚೇನಾ ಕೇಳು.”

ಕೇಳಿದ್ದಾಯಿತು. ಕಾಫಿಗೂ ಮುಂಚೆ, ಎಂದಳು ಮುದುಕಿ.

ನಿಮಗೆ ಹೇಗೆ ಹೇಳಲಿ. ದೊಡ್ಡಪ್ಪ ಉಪವಾಸ ಕೂತದ್ದೇ ಆ ಲಿಂಗಕ್ಕೆ ನೀರಿಲ್ಲ ಎಂದು. ನೀರಿದೆ. ದಿನಾ ಇದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇಲ್ಲದಷ್ಟು ಕ್ರಮವಾಗಿ ಇದೆ. ನನ್ನ ಕೊರಳಲ್ಲಿದ್ದ ಲಿಂಗಕ್ಕಿಂತ ಅದು ಹೆಚ್ಚು ಸಲ ನೀರು ಕಂಡಿದೆ. ಆದರೆ ಹಾಕುವವಳಿಗೆ ದೀಕ್ಷೆಯಿಲ್ಲ, ಮಂತ್ರವಿಲ್ಲ, ಅದು ಏನೆಂದೇ ಗೊತ್ತಿಲ್ಲ, ಮಧ್ಯಾಹ್ನಕ್ಕೆ ಮೀನು ತಿನ್ನುವವಳು. ಇದು ಪೂಜೆಯೋ ಧೂಳು ಹೊಡೆಯುವುದೋ? ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಸುಬ್ಬರಾಯುಡುವಿನ ಮುಖ ನೋಡಿದೆ. ಸುಬ್ಬರಾಯುಡು ವೈಷ್ಣವರು, ಇದು ತಮಗೆ ಸಂಬಂಧಪಟ್ಟದ್ದಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡಿದರು.

ಅಷ್ಟರಲ್ಲಿ ಮುದುಕಿ ಎದ್ದು ಗಾಜಿನ ಮುಚ್ಚಳ ಎತ್ತಿದಳು. ಲಿಂಗವನ್ನು ಕರಡಿಗೆಯೊಳಗೆ ಇಟ್ಟು, ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ದೊಡ್ಡಪ್ಪನ ಮುಂದೆ ಚಾಚಿದಳು. ದೇವರು ಎಂದು ನನಗೆ ಗೊತ್ತಿರಲಿಲ್ಲ, ತೆಗೆದುಕೊಂಡು ಹೋಗಿ, ಎಂದಳಂತೆ. ನನಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಇನ್ನು ಮಠಕ್ಕೆ ಒಪ್ಪಿಸಬಹುದು, ಊಟ ಮಾಡಬಹುದು.

ದೊಡ್ಡಪ್ಪ ಕೈ ಮುಂದೆ ಚಾಚಲಿಲ್ಲ. “ನಿನ್ ಯಜಮಾನ್ರು ಇದ್ನ ಎಲ್ಲಿಂದ ತಂದ್ರು ತಾಯಿ?” ಎಂದು ಕೇಳಿಸಿದರು.

ಗೊತ್ತಿಲ್ಲ ಎಂದಳು ಆಕೆ. ಇದು ಕಪ್ತಾನ ತಂದದ್ದಲ್ಲ, ಕಪ್ತಾನನ ಪೆಟ್ಟಿಗೆ ತಂದದ್ದು. ಆತ ಹಿಂದೂ ದೇಶದಿಂದ ಹೊರಟ ಮೇಲೆ ಹಡಗಿನಲ್ಲಿ ಜ್ವರ ಬಂದು ತೀರಿಕೊಂಡ. ಹಾಯಿಬಟ್ಟೆಯಲ್ಲಿ ಹೊಲಿದು, ಕಾಲಿಗೆ ಕಬ್ಬಿಣ ಕಟ್ಟಿ ಸಮುದ್ರಕ್ಕೆ ಇಳಿಸಿದರಂತೆ. ಮನೆಗೆ ಬಂದದ್ದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಈ ಡಬ್ಬಿ ಇತ್ತು. ಎಲ್ಲಿ ಇಳಿಸಿದರು ಎಂದು ಕಂಪನಿಯವರೂ ಸರಿಯಾಗಿ ಹೇಳಲಿಲ್ಲ, ನಿಮ್ಮ ಕಡೆಯ ಸಮುದ್ರ ಎಂದಷ್ಟೇ ಹೇಳಿದರು. ಬೇರೆ ಹೆಂಗಸರು ಭಾನುವಾರ ಗಂಡನ ಗೋರಿ ತೊಳೆಯಲು ಹೋಗುತ್ತಾರೆ, ನನಗೆ ಗೋರಿ ಇಲ್ಲ, ಆದ್ದರಿಂದ ಡಬ್ಬಿ ಒರೆಸುತ್ತೇನೆ. ಇಷ್ಟನ್ನು ಆಕೆ ಅಳದೆ ಹೇಳಿದಳು.

ನಮ್ಮ ದೊಡ್ಡಮ್ಮನನ್ನು ಮಣ್ಣು ಮಾಡಿದ ಗದ್ದುಗೆ ಊರಾಚೆ ತೋಟದಲ್ಲಿದೆ. ಪ್ರತಿ ಸೋಮವಾರ ಮಂಡಿಗೆ ಹೋಗುವ ಮೊದಲು ದೊಡ್ಡಪ್ಪ ಅಲ್ಲಿಗೆ ಹೋಗಿ, ಆಳುಗಳಿಗೆ ಬಿಡದೆ, ತಾವೇ ನೀರು ಹೊತ್ತು ಅದನ್ನು ತೊಳೆಯುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಅದೇ ಬಂದಿತೋ ಏನೋ, ನಾನು ಕೇಳಲಿಲ್ಲ. ಅವರು ಬಹಳ ಹೊತ್ತು ಕಪ್ತಾನನ ಪಟವನ್ನೇ ನೋಡುತ್ತಿದ್ದರು. ಆಮೇಲೆ ಕರಡಿಗೆ ಹಿಡಿದಿದ್ದ ಆಕೆಯ ಕೈಗಳನ್ನು ತಮ್ಮ ಕೈಯಿಂದ ಮೆಲ್ಲಗೆ ಆಕೆಯ ಕಡೆಗೇ ತಳ್ಳಿದರು.

“ಬ್ಯಾಡ ತಾಯಿ. ನಿನ್ ಕೈಲಿ ನೀರು ಕಂಡದೆ, ಇಲ್ಲೇ ಇರ್ಲಿ. ಡಬ್ಬಿಯಿಂದ ಹೊರಗಿಕ್ಕಬ್ಯಾಡ, ಒಳಗೇ ಇರ್ಲಿ. ಬೆಳಗ್ಗೆ ಎದ್ದು ಮೊದ್ಲು ಇದಕ್ಕೆ ನೀರು, ಆಮ್ಯಾಲೆ ಮಿಕ್ಕವು. ಅಷ್ಟು ಮಾಡು.”

ಆಕೆ ಒಪ್ಪಿದಳು. ಆಮೇಲೆ ತಾನೂ ಒಂದು ಮಾತು ಕೇಳಬಹುದೇ ಎಂದಳು. ನೀವು ಹಿಂದಿರುಗುವಾಗ ಆ ಸಮುದ್ರ ದಾಟುತ್ತೀರಲ್ಲ, ಆಗ ನನ್ನ ಗಂಡನಿಗೂ ಏನಾದರೂ ಮಾಡಿ.

“ಏನ್ ಮಾಡ್ಬೇಕಂತೆ?” ಎಂದರು ದೊಡ್ಡಪ್ಪ.

ನಿಮಗೆ ತಿಳಿದದ್ದು, ಎಂದಳು. “ಆಗ್ಲಿ ತಾಯಿ,” ಎಂದರು ದೊಡ್ಡಪ್ಪ.

ಅವತ್ತು ಆಕೆಯ ಅಡಿಗೆಮನೆಯ ಮೇಜಿನ ಮೇಲೆ, ಆಕೆ ಕಾಯಿಸಿಕೊಟ್ಟ ಬಿಸಿನೀರಿನಲ್ಲಿ ನಮ್ಮ ಹುರಿಹಿಟ್ಟು ಕಲಸಿ ದೊಡ್ಡಪ್ಪ ಉಂಡರು. ಆಕೆಗೂ ಒಂದು ಉಂಡೆ ಕೊಟ್ಟರು. ಆಕೆ ಅದನ್ನೂ ಮೊದಲು ಮೂಸಿ ನೋಡಿ ಆಮೇಲೆ ತಿಂದಳು.

ಹಡಗು ಕಾಲುವೆ ದಾಟಿ, ಏಡನ್ ದಾಟಿದ ಮೇಲೆ ದೊಡ್ಡಪ್ಪನ ಕಷ್ಟ ಶುರುವಾಯಿತು. “ನಮ್ ಕಡೆ ಸಮುದ್ರ ಎಲ್ಲಿಂದ ಶುರುವಾಗ್ತದ್ಲಾ?” ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು. ಭೂಗೋಳದಲ್ಲಿ ಅದಕ್ಕೆ ಗೀಟು ಎಳೆದಿರಲಿಲ್ಲ. “ಗೊತ್ತಿಲ್ದಿದ್ರೆ ಎಲ್ಲಾ ಕಡೆನೂ ಬುಡಾನ,” ಎಂದು ದಿನಾ ಪೂಜೆಯಾದ ಮೇಲೆ ಒಂದು ಚೊಂಬು ನೀರಿಗೆ ಒಂದು ಪತ್ರೆ ಹಾಕಿ ಹಡಗಿನ ಕಟಕಟೆಯ ಹತ್ತಿರ ಹೋಗಿ ಸಮುದ್ರಕ್ಕೆ ಬಿಡುತ್ತಿದ್ದರು. ಸಮುದ್ರಕ್ಕೆ ನೀರು ಹಾಕುವ ಮುದುಕನನ್ನು ನೋಡಲು ದೊರೆಗಳ ಮಕ್ಕಳು ಸುತ್ತ ಸೇರುತ್ತಿದ್ದರು. ನಾನು ಸ್ವಲ್ಪ ದೂರದಲ್ಲಿ, ಇವರು ಯಾರೋ ನನಗೆ ಗೊತ್ತಿಲ್ಲ ಎಂಬ ಮುಖ ಮಾಡಿಕೊಂಡು ನಿಲ್ಲುತ್ತಿದ್ದೆ.

ಒಂದು ದಿನ ತಡೆಯಲಾರದೆ ಕೇಳಿದೆ. “ಅದಕ್ಕಾಗಿ ಉಪವಾಸ ಕೂತಿರಿ. ಕೊಟ್ಟರೆ ಬೇಡ ಅಂದಿರಿ. ಯಾಕೆ ದೊಡ್ಡಪ್ಪ?”

“ನಂಗೂ ತಿಳೀದು ಕಣ್ಲಾ. ತಗಳಾನ ಅಂತ್ಲೇ ಇದ್ದೆ. ಅವಳು ಗಂಡನ ಸುದ್ದಿ ಯೋಳಿದ್ ಮ್ಯಾಲೆ ಕೈ ಮುಂದಕ್ಕೇ ಬರ್ಲಿಲ್ಲ.” ಸಮುದ್ರ ನೋಡುತ್ತಾ ಮತ್ತೆ ಅಂದರು, “ನಮ್ಮೋರು ಯಾರ್ದೋ ಲಿಂಗ ಅವಳ ಮನೇಲದೆ. ಅವಳ ಗಂಡ ನಮ್ ಕಡೆ ನೀರ್ನಾಗವ್ನೆ. ಅವಳು ನೋಡ್ಕತಾಳೆ, ನಾವೂ ನೋಡ್ಕಬೇಕಲ್ಲ.”

ಊರಿಗೆ ಬಂದ ಮೇಲೆ ದೊಡ್ಡಪ್ಪ ಮಠದ ಅಯ್ಯನವರ ಮುಂದೆ ಎಲ್ಲವನ್ನೂ ಹೇಳಿದರು. ನಾನೂ ಜೊತೆಗಿದ್ದೆ, ಕೊನೆಗಾದರೂ ಇದರ ಅರ್ಥ ತಿಳಿಯುತ್ತದೆ ಎಂದು. ಅಯ್ಯನವರು ಯೋಚಿಸಿ, ಮನುಷ್ಯನನ್ನು ಬಿಟ್ಟ ಲಿಂಗ ಬರೀ ಕಲ್ಲು, ದೀಕ್ಷೆಯಿಲ್ಲದವರು ನೀರು ಹಾಕಿದರೆ ಅದು ಬರೀ ನೀರು ಎಂದರು.

“ಬರೀ ಕಲ್ಲಾಗಿದ್ರೆ ನಂಗ್ಯಾಕೆ ಅನ್ನ ಇಳೀಲಿಲ್ಲ ಅಯ್ನೋರೆ?”

ಅಯ್ಯನವರು ಇನ್ನೊಂದು ಮಾತು ಎತ್ತಿದರು. ಸಮುದ್ರಕ್ಕೆ ನೀರು ಬಿಟ್ಟಿರಂತೆ, ನಮ್ಮಲ್ಲಿ ತಿಥಿ ಇಲ್ಲ, ತರ್ಪಣ ಇಲ್ಲ, ಇದೇನು ಹೊಸದು?

“ತರ್ಪಣ ಅಲ್ಲ ಬುದ್ಧಿ,” ಎಂದರು ದೊಡ್ಡಪ್ಪ. “ಕೊಟ್ಟ ಮಾತು.”

ಅಯ್ಯನವರು ವಿಭೂತಿ ಕೊಟ್ಟು ಕಳಿಸಿದರು. ನನ್ನ ಗೊಂದಲ ಇದ್ದಲ್ಲೇ ಇತ್ತು, ಈಗ ಅಯ್ಯನವರದೂ ಅದಕ್ಕೆ ಸೇರಿದಂತಾಯಿತು. ದೊಡ್ಡಪ್ಪನಿಗೆ ಮಾತ್ರ ಬೇರೆ ಯೋಚನೆ. ಮಧುಗಿರಿಯಲ್ಲಿ ಬಂಡೆ ಇದೆ, ಸಮುದ್ರವಿಲ್ಲ. ಕೊಟ್ಟ ಮಾತನ್ನು ಎಲ್ಲಿ ನಡೆಸುವುದು? ಯಾರು ಯಾರನ್ನೋ ವಿಚಾರಿಸಿ, ಪುರವರದ ಹತ್ತಿರ ಹರಿಯುವ ಜಯಮಂಗಲಿ ಪಿನಾಕಿನಿಗೆ ಸೇರುತ್ತದೆ, ಪಿನಾಕಿನಿ ನೆಲ್ಲೂರಿನ ಹತ್ತಿರ ಸಮುದ್ರಕ್ಕೆ ಸೇರುತ್ತದೆ ಎಂದು ಪತ್ತೆ ಮಾಡಿಕೊಂಡರು. ಅದು ಆ ಸಮುದ್ರ ಹೌದೋ ಅಲ್ಲವೋ ಎಂದು ನಾನು ತೆಗೆದ ತಕರಾರು ಅವರ ಕಿವಿಗೆ ಬೀಳಲಿಲ್ಲ. ಜಯಮಂಗಲಿ ನಿಮಗೆ ಗೊತ್ತಲ್ಲ, ಮಳೆ ಹೊಯ್ದರೆ ಹೊಳೆ, ಇಲ್ಲದಿದ್ದರೆ ಮರಳು. ಹೊಳೆ ಬಂದಿದೆ ಎಂಬ ಸುದ್ದಿ ಸಿಕ್ಕ ಕೂಡಲೇ ದೊಡ್ಡಪ್ಪ ಗಾಡಿ ಕಟ್ಟಿಸುತ್ತಿದ್ದರು. ಒಮ್ಮೊಮ್ಮೆ ವರ್ಷವೆಲ್ಲ ಕಾದರೂ ಹೊಳೆ ಬರುತ್ತಿರಲಿಲ್ಲ. ಆಗ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಆಮೇಲೆ ಯುದ್ಧ ಬಂತು. ಹಡಗುಗಳು ನಿಂತವು. ಆ ಬಂದರಿನ ಮೇಲೂ ಬಾಂಬು ಬಿತ್ತು ಎಂದು ಪತ್ರಿಕೆಯಲ್ಲಿ ಓದಿ ನಾನು ದೊಡ್ಡಪ್ಪನಿಗೆ ಹೇಳಬಾರದಾಗಿತ್ತು, ಹೇಳಿದೆ. “ಆಯಮ್ಮ ನೀರು ಹಾಕ್ತಾ ಅವಳೋ ಇಲ್ವೋ,” ಎಂದು ಅವರು ಹಾಸಿಗೆ ಹಿಡಿದ ಮೇಲೂ ಕೇಳುತ್ತಿದ್ದರು. ಯುದ್ಧ ಮುಗಿಯುವುದನ್ನು ಅವರು ನೋಡಲಿಲ್ಲ. ದೊಡ್ಡಮ್ಮನ ಪಕ್ಕದಲ್ಲೇ ಅವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು ಮಣ್ಣು ಕೊಟ್ಟೆವು. ಬೆರಳುಗಳನ್ನು ಮಡಿಸಿದ್ದು ನಾನೇ. ಅವರಿಗೆ ಅವರದು ಜೊತೆಗೆ ಹೋಯಿತು ಎಂದು ಸಮಾಧಾನವಾಯಿತು. ಅಷ್ಟೇ ಜೋರಾಗಿ ಅಳುವೂ ಬಂತು, ಯಾರಿಗಾಗಿ ಎಂದು ಪೂರ್ತಿ ಹೇಳಲಾರೆ.

ಇದೆಲ್ಲ ನೆನಪಾದ ಮರುದಿನ, ಈಗ ನಾನು ನಡೆಸುತ್ತಿರುವ ದೊಡ್ಡಪ್ಪನ ಮಂಡಿಗೆ ಬಂದ ಪುರವರದ ಗಾಡಿಯವನು “ಹೊಳೆ ಬಂದೈತೆ ಸಾಮಿ” ಎಂದ. ಅವನು ಹೇಳಿದ್ದು ಗಾಡಿ ತಡವಾದದ್ದಕ್ಕೆ ಕಾರಣವನ್ನು. ನಾನು ಮನೆಗೆ ಬಂದು ಸ್ನಾನ ಮಾಡಿ, ಎಷ್ಟೋ ಕಾಲದ ಮೇಲೆ ಅವಸರವಿಲ್ಲದೆ ಪೂಜೆಗೆ ಕೂತೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಒಂದು ಚೊಂಬು ನೀರು, ಒಂದು ಪತ್ರೆ ತೆಗೆದುಕೊಂಡು ಗಾಡಿ ಹತ್ತಿದೆ. ಆ ಮುದುಕಿ ಇದ್ದಾಳೋ ಇಲ್ಲವೋ, ಇಲ್ಲದಿದ್ದರೆ ಇನ್ನು ಯಾರ ಪರವಾಗಿ ಯಾರು ಮಾತು ಉಳಿಸಿಕೊಳ್ಳುವುದು, ನಾನು ಮಾಡುತ್ತಿರುವುದು ಪೂಜೆಯೋ ಹುಚ್ಚೋ, ದಾರಿಯುದ್ದಕ್ಕೂ ಇದೇ ತಲೆಯಲ್ಲಿ ತಿರುಗುತ್ತಿತ್ತು.

ಹೊಳೆಯ ದಡದಲ್ಲಿ ಯಾರೂ ಇಲ್ಲ ಎಂದುಕೊಂಡು ಚೊಂಬು ಬಗ್ಗಿಸಲು ಹೊರಟೆ. ಕುರಿ ಕಾಯುವ ಒಬ್ಬ ಹೆಂಗಸು ಜಾಲಿಮರದ ಕೆಳಗೆ ಕೂತಿದ್ದಳು.

“ಯಾರಿಗ್ ಸಾಮಿ ನೀರ್ ಬುಡ್ತಿರಾದು?”

“ನಮ್ಮ ಪೈಕಿಯವರಿಗೆ ಕಣಮ್ಮ,” ಎಂದೆ.

“ಎಲ್ಲಿ ತೀರ್ಕಂಡ್ರು?”

“ಸಮುದ್ರದಲ್ಲಿ.”

ಅವಳು ಎದ್ದು ಬಂದು ನನ್ನ ಚೊಂಬು ನೋಡಿದಳು, ನನ್ನ ಕಾಲಡಿಯ ನೆಲ ನೋಡಿದಳು. “ಅಂಗಾರೆ ದಡದಾಗೆ ಬುಡಬ್ಯಾಡಿ,” ಎಂದಳು. “ಇಲ್ಲಿ ಬುಟ್ರೆ ಮರಳು ಕುಡ್ಕಂಡ್ಬುಡ್ತದೆ. ಅಷ್ಟು ದೂರ ಓಗ್ಬೇಕಲ್ಲ. ನಡೂ ನೀರ್ಗೆ ಓಗಿ ಬುಡಿ.”

ನಾನು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು, ನಡುನೀರಿಗೆ ಇಳಿದೆ.